ಆತ್ರಾಡಿಯಲ್ಲಿ ಇಳಿದ ಮಗಳು

ನನಗೆ ಸಿಟ್ಟು ಜಾಸ್ತಿ ಎಂದು ಯಾರಾದರೂ ಹೇಳಿದರೆ ಮೊದಲು ಅವರ ಮೇಲೆಯೇ ಸಿಟ್ಟು ಬರುತ್ತದೆ. ಇಪ್ಪತ್ತಾರು ವರ್ಷದಿಂದ ಉಡುಪಿ–ಕಾರ್ಕಳ ಲೈನಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುತ್ತಾನೆ, ಎರಡು ನಿಮಿಷ ಮೊದಲಾದರೆ ಮುಂದಿನವನು. ಇದರ ನಡುವೆ ಬಾಗಿಲಲ್ಲೇ ನಿಂತು ಮೊಬೈಲು ನೋಡುವ ಮಹಾಶಯರು ಬೇರೆ. ಇಲ್ಲಿ ತಣ್ಣಗೆ ಇರುವವನು ಕಂಡಕ್ಟರಲ್ಲ, ಕರೆಂಟು ಕಂಬ ಎಂದು ಮಗಳಿಗೆ ಹೇಳಿದೆ. ಅವಳು ನಗಲಿಲ್ಲ.

ಪ್ರಣೀತಾ ನನ್ನ ಒಬ್ಬಳೇ ಮಗಳು. ಕಾರ್ಕಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ನಮ್ಮ ಮನೆ ಅಲೆವೂರಿನಲ್ಲಿ. ಎರಡು ವರ್ಷ ಅವಳು ದಿನಾ ಬೆಳಿಗ್ಗೆ ಮಣಿಪಾಲದಲ್ಲಿ ನನ್ನ ಬಸ್ಸನ್ನೇ ಹತ್ತುತ್ತಿದ್ದಳು. ಜೂನ್ ತಿಂಗಳ ಒಂದು ಸೋಮವಾರ ನಡುದಾರಿಯಲ್ಲಿ, ಆತ್ರಾಡಿಯಲ್ಲಿ, ಇಳಿದುಹೋದಳು. ಮಾರನೆಯ ದಿನದಿಂದ ನಮ್ಮ ಹಿಂದೆ ಏಳು ನಿಮಿಷಕ್ಕೆ ಬರುವ ಬಸ್ಸು ಹತ್ತತೊಡಗಿದಳು. ಕಂಡಕ್ಟರನ ಮಗಳು ಎದುರಾಳಿಯ ಬಸ್ಸಿನಲ್ಲಿ ಕೂತರೆ ಇಡೀ ಲೈನಿಗೆ ಸುದ್ದಿ. ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೆ. ಆ ದಿನ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಬಾಯಿಬಿಡಲು ನನಗೇ ಎರಡು ತಿಂಗಳು ಬೇಕಾಯಿತು.

ಹದಿನೈದು ದಿನ ಕಳೆದ ಮೇಲೆ ಅವಳೇ ಮಾತು ತೆಗೆದಳು.

“ಪಪ್ಪ, ನಿಮ್ಮ ಮಗಳು ಅಂತ ಹೇಳಲಿಕ್ಕೆ ನನಗೆ ನಾಚಿಕೆ ಆಗ್ತದೆ. ಹಾಗೆ ಆಗುವುದು ನನಗೆ ಬೇಡ. ನೀವು ಒಬ್ಬರ ಹತ್ತಿರ ಮಾತಾಡಬೇಕು.”

ಫೋನಿನ ವಿಡಿಯೊ ಕಾಲಿನಲ್ಲೇ ಮಾತಾಡುವ ಒಬ್ಬ ಆಪ್ತಸಮಾಲೋಚಕಿಯನ್ನು ಹುಡುಕಿ, ಪ್ರತಿ ಗುರುವಾರ ಹತ್ತು ಗಂಟೆಗೆ ಸಮಯ ಗೊತ್ತುಮಾಡಿ ಇಟ್ಟಿದ್ದಳು. ಅದೆಲ್ಲ ತಲೆ ಕೆಟ್ಟವರಿಗೆ ಎಂದು ಕೂಗಾಡಿದೆ. ಕೂಗಾಡಿ ಮುಗಿದ ಮೇಲೆ ಒಪ್ಪಿಕೊಂಡೆ. ನಂಬಿಕೆಯಿಂದಲ್ಲ, ಮಗಳು ನನ್ನ ಬಸ್ಸಿಗೆ ವಾಪಸು ಬರಬೇಕಿತ್ತು.

ಹತ್ತಕ್ಕೆ ನಮ್ಮ ಬಸ್ಸು ಕಾರ್ಕಳ ಸ್ಟ್ಯಾಂಡಿನಲ್ಲಿ ನಲವತ್ತು ನಿಮಿಷ ನಿಂತಿರುತ್ತದೆ. ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಫೋನು ಹಿಡಿದೆ. ಡ್ರೈವರ್ ಜೋನ್ ಬಾಗಿಲಲ್ಲಿ ಕಾವಲು ನಿಂತು, ಬಂದವರಿಗೆಲ್ಲ ಬಸ್ಸು ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದ. ಕೆಟ್ಟದ್ದು ಬಸ್ಸಲ್ಲ ಎಂದು ಅವನಿಗೂ ಗೊತ್ತಿತ್ತು.

ಪರದೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಹೆಂಗಸು ಬಂದರು. ಹೆಸರು ದಾಕ್ಷಾಯಿಣಿ, ಬಾಗಲಕೋಟೆ ಕಡೆಯವರು. “ಹೇಳ್ರಿ ಭೋಜ ಅವರ, ಹೆಂಗದೀರಿ?” ಎಂದರು. ಆ ಧಾಟಿ ಕೇಳಿದ್ದೇ ಫೋನನ್ನು ಮುಖದಿಂದ ದೂರ ಹಿಡಿದೆ. ಮಗಳು ಬೇಕೆಂದೇ ಇವರನ್ನು ಹುಡುಕಿದಳೋ ಏನೋ, ಇವತ್ತಿಗೂ ಕೇಳಿಲ್ಲ.

ಸಿಟ್ಟು ಯಾವಾಗ, ಎಲ್ಲಿ, ಯಾರ ಮೇಲೆ ಬಂತೆಂದು ಒಂದು ವಾರ ಬರೆದಿಡಲು ಹೇಳಿದರು. ನನಗೆ ಬರುವುದು ಟ್ರಿಪ್ ಶೀಟು ಬರೆಯಲು ಮಾತ್ರ. ಹಾಗೆಯೇ ಬರೆದೆ. ಒಂಬತ್ತು ಹನ್ನೆರಡು, ಪರ್ಕಳ, ಊರುಗೋಲಿನ ಮುದುಕ. ಒಂಬತ್ತು ಇಪ್ಪತ್ತೈದು, ಹಿರಿಯಡ್ಕ, ಶಾಲೆ ಮಕ್ಕಳು. ಒಂಬತ್ತು ನಲವತ್ತು, ಬೈಲೂರು, ಮಗು ಎತ್ತಿಕೊಂಡ ಹೆಂಗಸು. ಮುಂದಿನ ಗುರುವಾರ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಿಮ್ಮ ಬಸ್ಸಿನ ಮಾಲಕರ ಮಗ ನಿಮಗ ದಿನಾ ಬೈತಾನ ಅಂತ ಹೋದ ವಾರ ಅಂದಿದ್ರಿ. ಅವನ ಹೆಸರು ಇದರಾಗ ಇಲ್ಲಲ್ರಿ?”

“ಅವನಿಗೆ ಬೈದರೆ ಅವನು ತಿರುಗಿ ಹೇಳ್ತಾನಲ್ಲ ಮೇಡಂ,” ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿ ಫೋನು ಇಟ್ಟೆ. ಬಸ್ಸಿನ ಯಜಮಾನನಂತೆ ಮೆರೆಯುತ್ತಿದ್ದವನು, ತಿರುಗಿ ಹೇಳಲಾಗದವರಿಗೆ ಮಾತ್ರ ಬೈಯುತ್ತಿದ್ದೆ. ನಾಚಿಕೆಯಾಯಿತು. ಬಿಟ್ಟುಬಿಡಬೇಕು ಎಂದೂ ಅನ್ನಿಸಿತು. ಆದರೆ ಮೂರನೆಯ ಗುರುವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕೊನೆಯ ಸೀಟಿನಲ್ಲಿ ಕೂತಿದ್ದೆ.

ಬಾಯಿ ತೆರೆಯುವ ಮೊದಲು ನಿಧಾನಕ್ಕೆ ಉಸಿರು ಬಿಡಿ ಎಂದರು ಮೇಡಂ. ನನ್ನ ಬಾಯಿ ಮುಚ್ಚಿಸಲು ನಾನೇ ಒಂದು ಉಪಾಯ ಮಾಡಿದೆ, ಸಿಟ್ಟು ಬಂದಾಗ ವಿಸಿಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು. ಮೊದಲ ದಿನ ಮಣಿಪಾಲದಲ್ಲಿ ಹಾಗೆ ಕಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟೆ. ವಿಸಿಲು ಊದಿತು, ಜೋನ್ ಬಸ್ಸು ಬಿಟ್ಟ, ನಾಲ್ಕು ಜನ ರಸ್ತೆಯಲ್ಲೇ ಉಳಿದರು. ಮತ್ತೆ ನಿಲ್ಲಿಸಿ ಹತ್ತಿಸಿಕೊಂಡು, ಅವರಿಂದಲೇ ಬೈಸಿಕೊಂಡೆ. ಮರುದಿನದಿಂದ ಮೂಗಿನಲ್ಲಿ ಉಸಿರು ಬಿಡಲು ಕಲಿತೆ. ಐದನೆಯ ವಾರಕ್ಕೆ ನನ್ನ ಸಿಟ್ಟಿನ ಶೀಟು ಅರ್ಧ ಖಾಲಿ ಇತ್ತು.

ಆದರೂ ಜೂನ್ ತಿಂಗಳ ಆ ಸೋಮವಾರವನ್ನು ಅವರಿಂದ ಮುಚ್ಚಿಟ್ಟಿದ್ದೆ. ಆರನೆಯ ಗುರುವಾರ, ಇವತ್ತು ಹೇಳದಿದ್ದರೆ ಇಷ್ಟು ದಿನ ಕೂತದ್ದೆಲ್ಲ ನಾಟಕ ಎಂದು ಗಟ್ಟಿಮನಸ್ಸು ಮಾಡಿ ಹೇಳಿದೆ. ಆ ಬೆಳಿಗ್ಗೆ ಮಾಲಕರ ಮಗ ಉಡುಪಿ ಸ್ಟ್ಯಾಂಡಿನಲ್ಲಿ ಎಲ್ಲರೆದುರು ನನ್ನ ಮಾನ ಹರಾಜು ಹಾಕಿದ್ದ. ಪರ್ಕಳದಲ್ಲಿ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಒಬ್ಬ ಹೆಂಗಸು ಬುಟ್ಟಿ, ಸಲಿಕೆ ಹಿಡಿದು ಹತ್ತಿದಳು. ಬುಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿತು. ಘಟ್ಟ ಇಳಿದು ಬಂದ ನಿಮಗೆಲ್ಲ ಬಸ್ಸು ಯಾಕೆ, ಕಸದ ಗಾಡಿ ಸಾಲದಾ ಎಂದೆ. ಬಸ್ಸಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಮುಂದಿನ ಸ್ಟಾಪಿನಲ್ಲಿ ಮಗಳು ಎದ್ದು ಇಳಿದಳು.

ಆ ಹೆಂಗಸಿನ ಮಾತಿನ ಧಾಟಿಯೂ ಈ ಮೇಡಂ ಧಾಟಿಯೂ ಒಂದೇ. ತಲೆ ಎತ್ತಿ ಪರದೆ ನೋಡಲು ನನಗೆ ಧೈರ್ಯ ಬರಲಿಲ್ಲ.

“ಹೇಳೂದು ಕಷ್ಟ ಇತ್ತು, ಹೇಳಿದ್ರಿ. ಆದ್ರ ಇದನ್ನ ಕೇಳಬೇಕಾದಾಕಿ ನಾನಲ್ರಿ.”

ಶುಕ್ರವಾರ ಬೆಳಿಗ್ಗೆ ಪರ್ಕಳದಲ್ಲಿ ಆ ಬುಟ್ಟಿಯ ಹೆಂಗಸು ಹತ್ತಿದಳು. ಬುಟ್ಟಿ ಒಳಗೆ ಎಳೆದುಕೊಟ್ಟು ಹೆಸರು ಕೇಳಿದೆ. ಹೆದರಿಕೊಂಡೇ ಅಂಬವ್ವ ಎಂದಳು. ಬಸ್ಸು ತುಂಬಿತ್ತು. ಬೈದದ್ದು ಎಲ್ಲರೆದುರು, ಹಾಗಾಗಿ ಇದೂ ಎಲ್ಲರಿಗೂ ಕೇಳಿಸಬೇಕು ಎಂದು ವಿಸಿಲು ಕಿಸೆಗೆ ಹಾಕಿದೆ.

“ಅಂಬವ್ವ, ಜೂನಿನಲ್ಲಿ ಒಂದು ದಿನ ಇದೇ ಬಾಗಿಲಲ್ಲಿ ನಿಮಗೆ ಕಸದ ಗಾಡಿ ಸಾಲದಾ ಅಂತ ಹೇಳಿದ್ದೆ. ನನ್ನದು ತಪ್ಪು. ಕ್ಷಮಿಸಿ.”

ಅವಳು ನನ್ನ ಮುಖವನ್ನೇ ನೋಡಿದಳು. ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದಳು.

“ನನಗ ನೆನಪಿಲ್ರಿ ಯಪ್ಪಾ. ದಿನಾ ಯಾರರ ಒಬ್ಬರು ಏನರ ಅಂತಿರ್ತಾರ. ಅವತ್ತು ಅಂದಾಂವ ನೀವೇನ್ರಿ?”

ಹೌದು, ನಾನೇ ಎಂದೆ. ಆಗಲಿ ಬಿಡ್ರಿ ಎಂದು ಅವಳು ಬುಟ್ಟಿಯ ಪಕ್ಕ ನಿಂತುಕೊಂಡಳು. ಕ್ಷಮಿಸುತ್ತಾಳೆ, ಇಲ್ಲವೇ ಉಗಿಯುತ್ತಾಳೆ ಎಂದು ಎರಡಕ್ಕೂ ತಯಾರಾಗಿ ಬಂದಿದ್ದೆ. ಈ ಉತ್ತರಕ್ಕೆ ತಯಾರಿರಲಿಲ್ಲ. ಹೊತ್ತಾಯ್ತು ಮಾರಾಯ ಎಂದು ಜೋನ್ ಕರೆದ ಮೇಲೆಯೇ ನನಗೆ ವಿಸಿಲಿನ ನೆನಪಾದದ್ದು. ಹಿರಿಯಡ್ಕದಲ್ಲಿ ಹಿಂದಿನ ಬಸ್ಸಿನವನು ಜಗಳಕ್ಕೆ ಬಂದ. ತಡವಾದದ್ದು ನನ್ನಿಂದಲೇ ಎಂದು ಹೇಳಿದೆ.

ಸಂಜೆ ಪ್ರಣೀತಾಳಿಗೆ ಎಲ್ಲ ಹೇಳಿದೆ, ಅಂಬವ್ವ ಕೊಟ್ಟ ಉತ್ತರವನ್ನೂ ಸೇರಿಸಿ. ಅವಳ ಕಣ್ಣು ತುಂಬಿತು. ನಾಳೆ ನಿಮ್ಮ ಬಸ್ಸಿಗೇ ಬರುತ್ತೇನೆ ಎಂದಳು. ಎರಡು ತಿಂಗಳಿಂದ ನಾನು ಕಾದದ್ದು ಈ ಒಂದು ಮಾತಿಗೆ. ಬಾ ಎಂದು ಸಂತೋಷದಿಂದ ಹೇಳಲು ಹೊರಟವನು ತಡೆದುಕೊಂಡೆ.

“ನಾಳೆ ಬೇಡ,” ಎಂದೆ. “ಅಂಬವ್ವನಿಗೆ ನೆನಪಿಲ್ಲ ಅಂದ್ರೆ ಅಂಥ ಮಾತು ಎಷ್ಟು ಸಲ ಕೇಳಿರಬೇಕು ನೋಡು. ನನ್ನ ಬಸ್ಸಿನಲ್ಲಿ ಯಾರಾದ್ರೂ ಅವಳಿಗೆ ಬೈದ್ರೆ ಅದು ಅವಳಿಗೆ ನೆನಪಿರಬೇಕು. ಅಷ್ಟು ಅಪರೂಪ ಆಗಬೇಕು ಅದು. ಆಮೇಲೆ ನೀನು ಬಾ.”