ಲ್ಯಾಬಮ್ಮನ ಕೈಗುಣ

ಬಾಗಿಲು ಬಡಿದ ಸದ್ದು ಕೇಳಿದಾಗ ಲ್ಯಾಬಮ್ಮ ರಾತ್ರಿಯ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಳು. ಕರೆಗಂಟೆ ಇರುವ ಮನೆಯ ಬಾಗಿಲನ್ನು ಮುಷ್ಟಿಯಿಂದ ಗುದ್ದುವವರು ಯಾರಿರಬಹುದು ಎಂದುಕೊಳ್ಳುತ್ತ ಒದ್ದೆ ಕೈಯಲ್ಲೇ ಹೋಗಿ ಚಿಲಕ ತೆಗೆದಳು. ಕೆಳಮಹಡಿಯ ಟೈಲರ್ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು; ಕೈಯಲ್ಲಿ ಅವಳದೇ ಸ್ಟೀಲಿನ ಡಬ್ಬಿ.

“ತಗೊಳ್ಳಿ,” ಎಂದ.

“ಇದೇನು ಟೈಲರಣ್ಣ, ಈ ಸಲ ಚೆನ್ನಾಗಿ ಬಂದಿರಲಿಲ್ವಾ?”

“ತಗೊಳ್ಳಿ ಅಂದೆನಲ್ಲ. ಇನ್ಮೇಲೆ ನಮ್ಮನೆಗೆ ಏನೂ ಕಳಿಸ್ಬೇಡಿ.”

ಡಬ್ಬಿಯನ್ನು ಅವಳ ಕೈಗೆ ತುರುಕಿ ಅವನು ದಡದಡನೆ ಮೆಟ್ಟಿಲಿಳಿದ. ಕೆಳಗೆ ಬಾಗಿಲು ಹಾಕಿಕೊಂಡ ಸದ್ದು ಮೇಲಿನವರೆಗೂ ಬಂತು. ಮುಚ್ಚಳ ತೆರೆದರೆ, ಬೆಳಿಗ್ಗೆ ತಾನೇ ಕೊಟ್ಟು ಬಂದಿದ್ದ ಕೇಕು. ಮುಕ್ಕಾಲು ಪಾಲು ಖಾಲಿಯಾಗಿತ್ತು. ಹಿಡಿಸದವರು ಮುಕ್ಕಾಲು ಪಾಲು ತಿನ್ನುವುದಿಲ್ಲ. ಹಾಗಿದ್ದರೆ ಈ ಮನುಷ್ಯನಿಗೆ ಏನಾಯಿತು? ನಲ್ಲಿ ಹಾಗೇ ಹರಿಯುತ್ತಿರುವುದು ಅವಳಿಗೆ ಬಹಳ ಹೊತ್ತಿನ ಮೇಲೆ ಕೇಳಿಸಿತು.

ಶಾಲೆಯೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೊಳೆಯುವುದರಿಂದ ಹಿಡಿದು ದ್ರಾವಣ ಅಳೆದುಕೊಡುವವರೆಗೆ ಎಲ್ಲ ಕೆಲಸ ಮಾಡಿ ನಿವೃತ್ತಳಾದವಳು ಅವಳು. ಅವಳಿದ್ದ ವಠಾರದ ಕಟ್ಟಡದವರೆಲ್ಲ ಅವಳನ್ನು ಲ್ಯಾಬಮ್ಮ ಎಂದೇ ಕರೆಯುತ್ತಿದ್ದರು. ಪಾರ್ಸೆಲ್ ಆಫೀಸಿನಲ್ಲಿದ್ದ ಗಂಡನೂ ತಮಾಷೆಗೆ ಹಾಗೇ ಕೂಗುತ್ತಿದ್ದ. ಸಿಹಿ ಎಂದರೆ ಜೀವ ಬಿಡುವ ಆ ಮನುಷ್ಯನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಡಾಕ್ಟರು ಸಕ್ಕರೆಗೂ ಮೈದಾಕ್ಕೂ ಅಡ್ಡಗೀಟು ಎಳೆದ ದಿನ ಅವನು ಮಗುವಿನಂತೆ ಮುಖ ಸಣ್ಣದು ಮಾಡಿಕೊಂಡು ಕುಳಿತದ್ದನ್ನು ನೋಡಲಾರದೆ ಅವಳು ತೆಂಗಿನ ಹಿಟ್ಟಿನ ಕೇಕಿಗೆ ಕೈಹಾಕಿದಳು. ಹಾಲು ಹಿಂಡಿದ ಮೇಲೆ ಉಳಿಯುವ ಕಾಯಿತುರಿಯನ್ನು ಒಣಗಿಸಿ ಬೀಸಿದ ಹಿಟ್ಟು ಅದು. ಪಿಷ್ಟ ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ. ಸಕ್ಕರೆಯ ಬದಲಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಪುಡಿ, ನಾಲಿಗೆಯ ಮೇಲಿಟ್ಟರೆ ತಣ್ಣಗಾಗುವಂಥದು.

ಮೊದಲ ಸಲ ಅವಳು ಮೈದಾದ ಅಳತೆಯಲ್ಲೇ ಹಿಟ್ಟು ಸುರಿದಳು. ಅದು ಇದ್ದಬದ್ದ ಹಾಲನ್ನೆಲ್ಲ ಸ್ಪಂಜಿನಂತೆ ಹೀರಿಕೊಂಡು, ಓವನ್ನಿನಿಂದ ಹೊರಬರುವಾಗ ಚಾಕುವಿಗೂ ಬಗ್ಗದಷ್ಟು ಗಟ್ಟಿಯಾಗಿತ್ತು. ಎರಡನೆಯ ಸಲ ಹಿಟ್ಟು ಇಳಿಸಿ ಮೊಟ್ಟೆ ಏರಿಸಿದಳು. ಮರದ ಹೊಟ್ಟಿನಂತೆ ಉದುರಿತು. ಗಂಡ ಎರಡನ್ನೂ ನಗುತ್ತಲೇ ತಿಂದ. “ಲ್ಯಾಬಮ್ಮ, ಇದನ್ನ ತಿಂದ್ರೆ ಸಕ್ಕರೆ ಒಂದೇ ಅಲ್ಲ, ಹಲ್ಲೂ ಇಳಿದುಹೋಗುತ್ತೆ ನೋಡು” ಎಂದ. ಅವಳಿಗೆ ನಗು ಬರಲಿಲ್ಲ. ಅಡುಗೆಮನೆಯ ದೀಪ ಆರಿಸಿ, ಸದ್ದಾಗದಂತೆ ಅತ್ತಳು. ಆಮೇಲಿನ ವಾರ ಕೇಕು ಉಬ್ಬಿತು. ಬೆರಳಿಟ್ಟರೆ ಒಳಗೆ ಹೋಗಿ ಮತ್ತೆ ಮೇಲೇಳುವಂಥ ಕೇಕು. ಅಂದಿನಿಂದ ಅದು ಒಮ್ಮೆಯೂ ಅವಳಿಗೆ ಕೈಕೊಡಲಿಲ್ಲ. ಅಡುಗೆ ಪುಸ್ತಕದಲ್ಲಿ ಆರು ಮೊಟ್ಟೆ ಎಂದು ಬರೆದಿದ್ದ ಕಡೆ ಅವಳು ಎರಡರಲ್ಲೇ ಮುಗಿಸುತ್ತಿದ್ದಳು. “ಕೈಗುಣ ಕಣೇ, ಇನ್ನೇನು!” ಎನ್ನುತ್ತಿದ್ದ ಗಂಡ.

ಡಾಕ್ಟರು ಮಾತ್ರ ಬಂದಾಗಲೆಲ್ಲ ಮಾತ್ರೆ ಏರಿಸುತ್ತ ಹೋದರು. ಕೊನೆಗೆ ಮೂತ್ರಪಿಂಡಗಳು ಸೋತವು. ಗಂಡ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರಿಗೆಲ್ಲ ಲ್ಯಾಬಮ್ಮನೇ ಸಮಾಧಾನ ಹೇಳಿದ್ದಳು: “ಇಷ್ಟು ವರ್ಷ ಉಳಿದದ್ದೇ ದೊಡ್ಡದು. ಹೊರಗಿನದು ಒಂದು ಚೂರು ಮುಟ್ಟಿಸ್ಲಿಲ್ಲ ನಾನು. ನನ್ನ ಕೈಯಾರೆ ಕಾಪಾಡ್ಕೊಂಡಿದ್ದೆ.”

ಅದೊಂದು ಮಾತನ್ನು ಹಿಡಿದುಕೊಂಡೇ ಅವಳು ಆಮೇಲಿನ ತಿಂಗಳುಗಳನ್ನು ದಾಟಿದಳು. ಓವನ್ನು ತಣ್ಣಗೆ ಬಿದ್ದಿತ್ತು. ಒಬ್ಬಳಿಗೆ ಕೇಕು ಯಾಕೆ? ಬೆಳಿಗ್ಗೆ ರೇಡಿಯೋ ಹಚ್ಚಿದರೆ ಮಲಗುವವರೆಗೆ ಆರಿಸುತ್ತಿರಲಿಲ್ಲ. ಯಾರು ಏನು ಹೇಳುತ್ತಿದ್ದಾರೆ ಎಂದು ಕೇಳುತ್ತಲೂ ಇರಲಿಲ್ಲ. ಹಾಗಿರುವಾಗ ಟೈಲರ್‌ನ ಹೆಂಡತಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ, ಅವಳು ಮೇಲೆ ಬಂದು, “ಅಕ್ಕ, ಅಣ್ಣಾವ್ರಿಗೆ ಮಾಡ್ತಿದ್ರಲ್ಲ, ಅದನ್ನ ನನಗೂ ಒಂದ್ಸಲ ಮಾಡ್ಕೊಡ್ರೀ” ಎಂದಳು. ಫ್ರೀಜರ್‌ನಲ್ಲಿ ಗಂಡ ಕಟ್ಟಿಟ್ಟಿದ್ದ ತೆಂಗಿನ ಹಿಟ್ಟಿನ ಪೊಟ್ಟಣಗಳು ಇನ್ನೂ ಇದ್ದವು. ಅವಳು ಓವನ್ನು ಹಚ್ಚಿದಳು. ಪರಿಮಳ ಮೆಟ್ಟಿಲುಗುಂಟ ಮೂರು ಮಹಡಿಗೂ ಹಬ್ಬಿತು. ಅಂದಿನಿಂದ ಅವಳ ಮನೆಯ ಕರೆಗಂಟೆಗೆ ಮತ್ತೆ ಜೀವ ಬಂದಿತ್ತು. ಕೇಕು ಕೇಳಲು ಬಂದವರು ಕೂರುತ್ತಿದ್ದರು. ಕೂತವರು ಬೇಗ ಏಳುತ್ತಿರಲಿಲ್ಲ.

ಈಗ ಡಬ್ಬಿ ವಾಪಸು ಬಂದಿದೆ.

ಬೆಳಿಗ್ಗೆ ಟೈಲರ್ ಅಂಗಡಿಗೆ ಹೋಗುವುದನ್ನು ಕಾದಿದ್ದು ಅವಳು ಕೆಳಗಿಳಿದಳು. ಬಾಗಿಲು ತೆರೆದ ಟೈಲರ್‌ನ ಹೆಂಡತಿಯ ಮುಖ ಬಾಡಿತ್ತು. ಮುಂಗೈಗೆ ಹತ್ತಿಯ ಪಟ್ಟಿ ಅಂಟಿತ್ತು. ನಾಲಿಗೆ ಮಾತ್ರ ಎಂದಿನ ಹಾಗೇ ಚುರುಕಾಗಿತ್ತು.

“ಬನ್ನಿ ಅಕ್ಕ, ಬನ್ನಿ. ಸತ್ತು ಬದುಕಿದವಳನ್ನ ನೋಡೋಕೆ ಬಂದ್ರಾ? ನಿನ್ನೆ ಸಂಜೆ ತಲೆ ಸುತ್ತಿ ಬಿದ್ದೆ. ಆಸ್ಪತ್ರೇಲಿ ನೋಡಿದ್ರೆ ಸಕ್ಕರೆ ಆಕಾಶಕ್ಕೆ ಹತ್ತಿದೆಯಂತೆ. ನರ್ಸು ನನ್ನನ್ನ ಕಳ್ಳಿಯ ಹಾಗೆ ವಿಚಾರಿಸಿದ್ಲು. ಏನು ತಿಂದೆ, ಏನು ತಿಂದೆ ಅಂತ.”

“ಏನು ತಿಂದಿದ್ದೆ?”

“ನಿಮ್ಮ ಕೇಕು. ನನ್ನ ಮಗಳಾಣೆಗೂ ಇನ್ನೇನೂ ಇಲ್ಲ. ಏನೂ ಆಗಲ್ಲ, ಹೊಟ್ಟೆ ತುಂಬ ತಿನ್ನು ಅಂದಿದ್ರಲ್ಲ ನೀವು, ಅದಕ್ಕೆ ಹೊಟ್ಟೆ ತುಂಬ ತಿಂದೆ.”

“ಅದರಲ್ಲಿ ಸಕ್ಕರೆ ಏರಿಸೋವಂಥದ್ದು ಏನೂ ಇಲ್ಲ ಕಣೇ!”

“ನಾನೂ ಹಾಗೇ ಅಂದೆ. ಇವರು ಕೇಳ್ಬೇಕಲ್ಲ.”

‘ಇವರು’ ಕತ್ತರಿ ಮರೆತು ಆಗಲೇ ಮರಳಿ ಬಂದು ಬಾಗಿಲಲ್ಲಿ ನಿಂತಿದ್ದ. ರಾತ್ರಿಯ ಸಿಟ್ಟು ಇಳಿದಿರಲಿಲ್ಲ.

“ಇಲ್ಲದೆ ಹೇಗೆ ಏರುತ್ತೆ ಲ್ಯಾಬಮ್ಮ? ನೀವು ಓದಿದವರು ಅಂತ ನಂಬಿದ್ವಿ. ಇವಳಿಗೆ ಹೀಗಾಯ್ತು. ನಿಮ್ಮ ಯಜಮಾನ್ರಿಗೂ ಇದನ್ನೇ ತಾನೆ...”

“ರೀ!” ಎಂದು ಹೆಂಡತಿ ಗದರಿದಳು. ಅವನು ಮಾತನ್ನು ಅಲ್ಲಿಗೇ ಬಿಟ್ಟು ಕತ್ತರಿ ಎತ್ತಿಕೊಂಡು ಹೊರಟುಹೋದ. ಆದರೆ ಆಡದೆ ಬಿಟ್ಟ ಆ ಮಾತು ಕೋಣೆಯಲ್ಲೇ ಉಳಿಯಿತು. ಟೈಲರ್‌ನ ಹೆಂಡತಿ ಲ್ಯಾಬಮ್ಮನ ಕಡೆ ನೋಡದೆ ಹಾಸಿಗೆಯ ಮೇಲಿನ ನೂಲಿನ ಚೂರುಗಳನ್ನು ಆರಿಸತೊಡಗಿದಳು.

“ಹೋದ ವಾರ ನೀನು ಮಾಡಿ ನೋಡಿದ್ಯಲ್ಲ, ಅಂಗಡಿಯ ತೆಂಗಿನ ಹಿಟ್ಟು, ಉಳಿದಿದೆಯಾ?” ಎಂದಳು ಲ್ಯಾಬಮ್ಮ ಕೊನೆಗೆ.

“ಅಯ್ಯೋ, ಅದು ಯಾರಿಗೆ ಬೇಕು! ನೀವು ಹೇಳಿದ ಅಳತೇಲೇ ಮಾಡಿದ್ದು, ಎರಡೇ ಮೊಟ್ಟೆ. ಇಟ್ಟಿಗೆ ಆಯ್ತು. ಇವರು ಅದನ್ನ ಇಸ್ತ್ರಿಪೆಟ್ಟಿಗೆ ಕೆಳಗೆ ಇಡ್ತೀನಿ ಅಂದ್ರು. ನಿಮ್ಮ ಕೈಗುಣ ನನಗೆಲ್ಲಿ ಬರ್ಬೇಕು. ತಗೊಂಡ್ಹೋಗಿ.”

ಮನೆಗೆ ಬಂದು ಲ್ಯಾಬಮ್ಮ ಬಾಗಿಲು ಹಾಕಿ, ರೇಡಿಯೋ ಆರಿಸಿದಳು. ಅಡುಗೆಕಟ್ಟೆಯನ್ನು ಒರೆಸಿ, ಒಂದೊಂದೇ ಸಾಮಾನು ತಂದಿಟ್ಟಳು. ಬಿಳಿ ಪುಡಿಯನ್ನು ನಾಲಿಗೆಗೆ ಹಚ್ಚಿದಳು, ತಣ್ಣಗಾಯಿತು. ಅದು ನಿರಪರಾಧಿ. ಬೆಣ್ಣೆ, ಮೊಟ್ಟೆಗಳ ಮೇಲೆ ಸಂಶಯಪಡುವಂತಿರಲಿಲ್ಲ. ಉಳಿದದ್ದು ಹಿಟ್ಟು. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಬಾಟಲಿ ಹುಡುಕಿ ತೆಗೆದಳು. ಪಿಷ್ಟದ ಮೇಲೆ ಅಯೋಡಿನ್ ಬಿದ್ದರೆ ನೀಲಿಗಪ್ಪಾಗುತ್ತದೆ. ಎಷ್ಟೋ ತಂಡಗಳ ಮಕ್ಕಳಿಗೆ ಅವಳೇ ಆಲೂಗಡ್ಡೆ ಕತ್ತರಿಸಿಕೊಟ್ಟ ಪ್ರಯೋಗ. ಅದನ್ನು ಸ್ವಂತ ಅಡುಗೆಮನೆಯಲ್ಲಿ ಮಾಡುವ ಅಗತ್ಯ ಎಂದೂ ಬಿದ್ದಿರಲಿಲ್ಲ.

ಎರಡು ತಟ್ಟೆಗಳಲ್ಲಿ ಎರಡು ಚಮಚ ಹಿಟ್ಟನ್ನು ನೀರಲ್ಲಿ ಕಲಸಿದಳು. ಅಂಗಡಿಯ ಹಿಟ್ಟಿನ ಮೇಲೆ ಹನಿ ಬಿತ್ತು. ಕಂದು ಬಣ್ಣ ಕಂದಾಗಿಯೇ ಉಳಿಯಿತು. ತನ್ನ ಹಿಟ್ಟಿನ ಮೇಲೂ ಹನಿಸಿದಳು. ಹನಿ ಬಿದ್ದಲ್ಲಿ ಶಾಯಿ ಚೆಲ್ಲಿದಂತೆ ಕಪ್ಪು ಹರಡಿತು.

ಮೈದಾ. ಕಣ್ಣಿಗೆ ಕಾಣದಂತೆ ಇಷ್ಟು ನುಣ್ಣಗೆ ಬೆರೆಯುವ ಪಿಷ್ಟ ಇನ್ಯಾವುದು? ಅದೂ ಎಲ್ಲೋ ಒಂದು ಚಿಟಿಕೆಯಲ್ಲ.

ಅವಳಿಗೆ ಮೊದಲು ನೆನಪಾದವಳು ನಾದಿನಿ. ಗಂಡ ತೀರಿಕೊಂಡ ವಾರ ಬಂದು ಉಳಿದು, ಇಡೀ ಅಡುಗೆಮನೆಯನ್ನು ತಲೆಕೆಳಗು ಮಾಡಿ ಜೋಡಿಸಿ ಹೋದವಳು ಅವಳೇ. ಅರ್ಧ ಖಾಲಿಯಾದ ಎರಡು ಡಬ್ಬಿ ಕಂಡರೆ ಒಂದಕ್ಕೆ ಸುರಿಯದೆ ಅವಳಿಗೆ ನಿದ್ದೆ ಬರದು. ಲ್ಯಾಬಮ್ಮ ಫೋನ್ ತಿರುಗಿಸಿದಳು.

“ಫ್ರೀಜರ್‌ನಲ್ಲಿದ್ದ ಹಿಟ್ಟಿಗೆ ಏನಾದ್ರೂ ಸೇರಿಸಿದ್ಯಾ?”

“ಆಹಾ! ಇಷ್ಟು ತಿಂಗಳಾದ ಮೇಲೆ ಫೋನು. ಹೇಗಿದ್ದೀಯಾ ಅಂತಿಲ್ಲ, ಸತ್ತೆಯಾ ಅಂತಿಲ್ಲ. ನೇರ ಹಿಟ್ಟಿಗೆ ಬಂದ್ರಲ್ಲ ಅತ್ತಿಗೆ!”

“ತಮಾಷೆ ಬೇಡ. ಸೇರಿಸಿದ್ಯಾ ಇಲ್ವಾ?”

“ನಿಮ್ಮ ಆ ಹಿಟ್ಟು ಮುಟ್ಟೋಕೆ ನನಗೇನು ಹುಚ್ಚು ಹಿಡಿದಿದೆಯಾ? ಸೇರಿಸೋದಕ್ಕೆ ಮೊದಲು ಬಿಚ್ಚಬೇಕಲ್ಲ. ಅಣ್ಣ ಹಾಕಿದ ಗಂಟು ಯಾರಿಂದ ಬಿಚ್ಚೋಕಾಗುತ್ತೆ ಹೇಳಿ. ಪಾರ್ಸೆಲ್ ಆಫೀಸಿಂದ ಅಣ್ಣ ಮನೆಗೆ ತಂದದ್ದು ಅದೊಂದೇ ವಿದ್ಯೆ.” ನಾದಿನಿಯ ದನಿ ಸ್ವಲ್ಪ ಮೆತ್ತಗಾಯಿತು. “ಅತ್ತಿಗೆ, ಊಟ ಮಾಡ್ತಿದ್ದೀರಾ ಸರಿಯಾಗಿ?”

ಅದಕ್ಕೆ ಉತ್ತರ ಹೇಳದೆ ಅವಳು ಫೋನಿಟ್ಟಳು. ನಾದಿನಿಯ ಮಾತು ಸುಳ್ಳಲ್ಲ. ಪ್ರತಿ ಪೊಟ್ಟಣದ ದಾರವನ್ನೂ ಬಿಚ್ಚಲಾರದೆ ತಾನೇ ಕತ್ತರಿಯಲ್ಲಿ ಕತ್ತರಿಸಿದ್ದಳು. ಫ್ರೀಜರ್ ತೆರೆದು ಉಳಿದಿದ್ದ ಕಡೆಯ ಪೊಟ್ಟಣವನ್ನು ಹೊರತೆಗೆದಳು. ಗಂಟು ಗಂಟಾಗಿಯೇ ಇತ್ತು. ಕತ್ತರಿಸಿದಳು, ಕಲಸಿದಳು, ಹನಿಸಿದಳು. ಕಪ್ಪು.

ಎಂದರೆ ಹಿಟ್ಟು ಈ ಮನೆಗೆ ಬರುವ ಮೊದಲೇ ಕೆಟ್ಟಿತ್ತು. ತುರಿ ಹಿಂಡುವುದು ಅವಳ ಕೆಲಸ. ಒಣಗಿಸಿ ಗಿರಣಿಗೆ ಒಯ್ದು ಬೀಸಿಸಿ ತರುವುದು ಗಂಡನದು. ನಡುವೆ ಇರುವುದು ಗಿರಣಿಯೊಂದೇ. ಅವಳಿಗೆ ಮೈಯೆಲ್ಲ ಉರಿಯಿತು. ತೂಕ ಹೆಚ್ಚಿಸಿಕೊಳ್ಳಲು, ಕಾಯಿತುರಿಯಲ್ಲಿ ಒಂದಿಷ್ಟು ಹೊಡೆದುಕೊಳ್ಳಲು, ಆ ಗಿರಣಿಯವನು ಕಾಯಿಲೆಯ ಮನುಷ್ಯನ ಚೀಲಕ್ಕೆ ಮೈದಾ ತುಂಬಿ ಕಳಿಸಿದ. ಒಂದು ಸಲವಲ್ಲ, ವರ್ಷಗಟ್ಟಲೆ. ಅವಳು ಕಾಪಾಡುತ್ತಿದ್ದೇನೆಂದುಕೊಂಡು ತಟ್ಟೆಗೆ ಇಟ್ಟದ್ದೆಲ್ಲ ವಿಷ. ಸಂಕಟದ ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹಗುರವೂ ಇತ್ತು: ಟೈಲರ್ ನುಂಗಿದ ಆ ಮಾತಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತ್ತು. ತಪ್ಪು ತನ್ನ ಕೈಯದಲ್ಲ.

ಗಿರಣಿ ಎರಡು ಬೀದಿಯಾಚೆ. ಗಂಡನ ಜೊತೆ ಅವಳು ಅಲ್ಲಿಗೆ ಎಂದೂ ಹೋದವಳಲ್ಲ. ಒಳಗೆ ಬೆಲ್ಟು ಹೊಡೆದುಕೊಳ್ಳುತ್ತ ಯಂತ್ರ ಓಡುತ್ತಿತ್ತು. ಹುಬ್ಬು, ರೆಪ್ಪೆ, ಮೀಸೆಯೆಲ್ಲ ಬಿಳಿಯಾದ ಗಿರಣಿಯವನು ಚೀಲದ ಬಾಯಿ ಹಿಡಿದು ನಿಂತಿದ್ದ. ಮೂಲೆಯಲ್ಲಿ ಬಾಯಿ ತೆರೆದ ಮೈದಾ ಮೂಟೆ. ಸರದಿಯಲ್ಲಿದ್ದ ಹೆಂಗಸರು ದಾರಿ ಬಿಟ್ಟರು.

“ಪಾರ್ಸೆಲ್ ಆಫೀಸಿನವರ ಹೆಂಡತಿ ನಾನು,” ಎಂದು ಅವಳು ಯಂತ್ರದ ಸದ್ದಿನ ಮೇಲೆ ಕೂಗಿದಳು. “ನಮ್ಮ ತೆಂಗಿನ ಹಿಟ್ಟಿಗೆ ಮೈದಾ ಬೆರೆಸ್ತಿದ್ದೆ ನೀನು!”

ಗಿರಣಿಯವನು ಅವಳನ್ನೇ ಒಂದು ಗಳಿಗೆ ನೋಡಿದ. ಕೈ ಚಾಚಿ ಸ್ವಿಚ್ಚು ಒತ್ತಿದ. ಬೆಲ್ಟು ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು.

“ನೀವೇನಾಮ್ಮ ಲ್ಯಾಬಮ್ಮ ಅಂದ್ರೆ?” ಎಂದ ಅವನು.

“ಮಾತು ಮರೆಸ್ಬೇಡ. ಬೆರೆಸಿದ್ಯೋ ಇಲ್ವೋ?”

“ಬೆರೆಸಿದ್ದೆ.”

ಅವನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ.

“ಎಷ್ಟು?”

“ಅರ್ಧಕ್ಕರ್ಧ. ಮೊದಲೆರಡು ಸಲ ಬಿಟ್ಟು ಪ್ರತಿ ಸಲವೂ.”

“ಕಾಯಿಲೆಯವರು ತಿನ್ನೋ ಹಿಟ್ಟು ಅಂತ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತಮ್ಮ. ಬೇಡ ಅಂತ ಬೇಕಾದಷ್ಟು ಹೇಳಿದೆ. ಜಗಳಾನೂ ಆಡಿದೆ. ಕೇಳ್ಲಿಲ್ಲ. ಕೇಕು ಉಬ್ಬಬೇಕು ಕಣಯ್ಯ, ಅದು ಉಬ್ಬದಿದ್ರೆ ಮನೇಲಿ ದೀಪ ಆರುತ್ತೆ, ನಿನಗೆ ಗೊತ್ತಾಗಲ್ಲ ಅಂದ್ರು. ನಿಮಗೆ ಮಾತ್ರ ಹೇಳ್ಕೂಡದು ಅಂತ ನನ್ನ ಕೈಹಿಡಿದು ಮಾತು ತಗೊಂಡ್ರು.” ಅವನು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. “ಈಗ ಅವರೇ ಇಲ್ವಲ್ಲ, ಇನ್ನು ಆ ಮಾತು ಇಟ್ಕೊಂಡು ನಾನೇನು ಮಾಡ್ಲಿ?”

“ಯಾರು?” ಎಂದಳು ಅವಳು. “ಯಾರು ಹೇಳಿದ್ದು? ಬಾಯಿಬಿಟ್ಟು ಹೇಳು.”

“ನಿಮ್ಮ ಯಜಮಾನ್ರು, ಅಮ್ಮ.”