ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ

ಖಂಡೇನವಮಿಯ ಆಯುಧಪೂಜೆಗೆ ಕಾರಿನ ಗಾಲಿಗೆ ಕುಂಕುಮ ಹಚ್ಚಿ, ಆಮೇಲೆ ವರ್ಷವಿಡೀ ಅದೇ ಗಾಲಿಯತ್ತ ಬಗ್ಗಿಯೂ ನೋಡದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಮರಾಠಿ ಸೀಮೆಯ ಯೆರವಡಾದಲ್ಲಿರುವ ನಮ್ಮ ಕನ್ನಡಿಗರ ವಸ್ತಿಯ ತಾಯಪ್ಪನೂ ಅಂಥವನೇ. ಹಾಗಂತ ಅವನು ಬೇಜವಾಬ್ದಾರಿ ಮನುಷ್ಯನಲ್ಲ. ಯಾದಗಿರಿ ಕಡೆಯಿಂದ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದು, ಡ್ರೈವಿಂಗ್ ಕಲಿತು, ಖರಾಡಿಯ ಆಫೀಸಿನವರನ್ನು ದಿನಾ ಕರೆದೊಯ್ಯಲು ಸ್ವಂತ ಕಾರು ಮಾಡಿಕೊಂಡವನು. ಗಾಡಿಯನ್ನು ಒರೆಸಿ ಒರೆಸಿ ಇಡುತ್ತಿದ್ದ. ಎಂಜಿನ್ ಆಯಿಲ್ ಬದಲಿಸುವುದನ್ನು ಎಂದೂ ಮರೆತವನಲ್ಲ.

ಪಕ್ಕದ ಮನೆಯ ಅನುಸೂಯಾ ಕಂಪನಿಯೊಂದರ ವ್ಯಾನ್ ಓಡಿಸುತ್ತಾಳೆ. ಬೇಸಿಗೆಯಲ್ಲಿ ಒಂದು ದಿನ ಅವಳು ತಾಯಪ್ಪನ ಕಾರಿನ ಮುಂದಿನ ಟೈರ್ ಮೇಲೆ ಕೈಯಾಡಿಸಿ ನೋಡಿದಳು. ಇವು ಹಿಂದಿನವಕ್ಕಿಂತ ಹೆಚ್ಚು ಸವೆದಿವೆ, ಮಳೆಗಾಲಕ್ಕೆ ಮುಂಚೆ ಹಿಂದಿನವನ್ನು ಮುಂದಕ್ಕೆ ಹಾಕಿಸಿ ಎಂದಳು. ತಾಯಪ್ಪ ನಕ್ಕುಬಿಟ್ಟ.

“ನಾ ಒಕ್ಕಲಿಗರ ಮನ್ಯಾಗ ಹುಟ್ಟಿದಾಂವ ಅದೀನವ್ವಾ. ಬಲಗಡಿ ಎತ್ತು ಬಲಕ್ಕೇ ಹೂಡಬೇಕು, ಎಡಗಡಿದು ಎಡಕ್ಕೇ. ಜಾಗಾ ಬದಲು ಮಾಡಿದ್ರ ಬಂಡಿ ಹಳ್ಳಕ್ಕ ಹೋಗ್ತದ. ಗಾಲಿನೂ ಹಂಗೇ. ರೂಢಿ ಆದ ಜಾಗಾ ಬಿಡಸಬಾರದು.”

“ಎತ್ತು ದಣದ್ರ ನಿಂತು ಬಿಡ್ತದ ಕಾಕಾ. ಟೈರ್ ನಿಂದ್ರಂಗಿಲ್ಲ, ಜಾರ್ತದ,” ಎಂದಳು ಅನುಸೂಯಾ. “ನಿಮ್ಮ ಗಾಡಿ ಎಳ್ಯೋದು ಮುಂದಿನ ಗಾಲಿ. ತಿರುವಿನ್ಯಾಗ ಹೊಳ್ಳೋದೂ ಅವೇ. ಬ್ರೇಕ್ ಹಾಕಿದ್ರ ಭಾರ ಬೀಳೋದೂ ಅವುಗಳ ಮ್ಯಾಲೇ. ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಜಾಗಾ ಬದಲಿಸಿದ್ರ ನಾಲ್ಕೂ ಒಂದೇ ಸಮ ಸವೀತಾವ.”

ತಾಯಪ್ಪನ ಹೆಂಡತಿ ಸಾವಿತ್ರಿಬಾಯಿಗೆ ಆ ಮಾತು ಸರಿ ಎನಿಸಿತು. ಸರ್ವಿಸಿಂಗ್‌ಗೆ ಬಿಟ್ಟಾಗ ಅದನ್ನೂ ಮಾಡಿಸಿಬಿಡಿ ಎಂದಳು. ತಾಯಪ್ಪ ಸರ್ವಿಸಿಂಗ್‌ಗೇನೋ ಹೋದ, ಆದರೆ ಗಾಲಿಗೆ ಕೈ ಹಚ್ಚಬೇಡಿ ಎಂದು ಗ್ಯಾರೇಜಿನವರಿಗೆ ತಾನೇ ತಾಕೀತು ಮಾಡಿ ಬಂದ. ಹಠಕ್ಕೆ ಮದ್ದುಂಟೇ? ದಿನಾ ಬೆಳಿಗ್ಗೆ ಡಿಕ್ಕಿ ತೆಗೆಯುವಾಗ ಅವನ ಕಣ್ಣಿಗೆ ಬೀಳುತ್ತಿದ್ದುದು ಹಿಂದಿನ ಟೈರ್‌ಗಳು ಮಾತ್ರ. ಅವುಗಳ ಗೀರುಗಳು ಇನ್ನೂ ಆಳವಾಗಿದ್ದವು. ಟೈರ್ ಗಟ್ಟಿ ಇವೆ ಎಂದುಕೊಂಡು ಹೊರಡುತ್ತಿದ್ದ.

ಮಗಳು ಪ್ರೇಮಾವತಿಯನ್ನು ಬಾರಾಮತಿಗೆ ಕೊಟ್ಟಿದ್ದರು. ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಚೊಚ್ಚಲ ಬಸಿರು. ಸೀಮಂತದ ಕುಬಸ ಮುಗಿದಿತ್ತು, ಬಾಣಂತನಕ್ಕೆ ತವರಿಗೆ ಕರೆತರಬೇಕಿತ್ತು. ಬೇರೆಯವರ ಗಾಡಿ ಯಾಕೆ, ನಾನೇ ಹೂವಿನ ಹಾಗೆ ಕರೆದುಕೊಂಡು ಬರುತ್ತೇನೆ ಎಂದು ತಾಯಪ್ಪ ಒಬ್ಬನೇ ಹೋದ.

ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ದಿವೇ ಘಾಟ್ ಇಳಿಯುವಾಗ ಮಳೆ ಹಿಡಿಯಿತು. ಅವನು ಜೋರಾಗಿ ಓಡಿಸುತ್ತಿರಲಿಲ್ಲ, ಆ ಮಾತನ್ನು ಯಾರೂ ಅನ್ನುವಂತಿಲ್ಲ. ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಬ್ರೇಕ್ ಒತ್ತಿದ, ಸ್ಟೇರಿಂಗ್ ತಿರುಗಿಸಿದ. ಗಾಲಿ ತಿರುಗಿದವು, ಕಾರು ತಿರುಗಲಿಲ್ಲ. ನೀರಿನ ಮೇಲೆ ಸೀದಾ ಜಾರಿಕೊಂಡು ಹೋಗಿ ರಸ್ತೆ ಬದಿಯ ಕಲ್ಲುಗೋಡೆಗೆ ಬಡಿಯಿತು.

ಆಮೇಲೆ ಬಂದ ಪೊಲೀಸಿನವನು ಮುಂದಿನ ಟೈರ್ ಮುಟ್ಟಿ, ‘ಗುಳಗುಳೀತ’ ಎಂದು ಮರಾಠಿಯಲ್ಲಿ ಹೇಳಿದ. ಅದು ನುಣ್ಣಗೆ ಬೋಳಾಗಿತ್ತು. ಹಿಂದಿನ ಟೈರ್‌ಗಳನ್ನೂ ನೋಡಿದ. ಅವುಗಳ ಗೀರುಗಳು ಹಾಗೇ ಇದ್ದವು.

ಪ್ರೇಮಾವತಿ ಉಳಿದಳು. ಹೊಟ್ಟೆಯ ಕೂಸು ಉಳಿಯಲಿಲ್ಲ. ಇದನ್ನು ಬರೆಯುವಾಗ ನನಗೇ ಸಂಕಟವಾಗುತ್ತದೆ, ಹೆತ್ತವರ ಪಾಡು ಏನು ಹೇಳಲಿ? ಆಸ್ಪತ್ರೆಗೆ ಓಡಿಬಂದ ಅನುಸೂಯಾಳಿಗೆ ತಾಯಪ್ಪ ಅಂದದ್ದು ಇಷ್ಟೇ: “ನೀ ಹೇಳಿದ್ದಿ. ನಾ ನಕ್ಕೆ.” ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಎಲ್ಲರ ಬಾಯಿಗೂ ಬಂದಿರಬೇಕು. ಅವತ್ತು ಯಾರೂ ಅದನ್ನು ಆಡಲಿಲ್ಲ.

ಕಾರು ರಿಪೇರಿಯಾದಾಗ ಅನುಸೂಯಾ ಜೊತೆಗೆ ಹೋದಳು. ಬೋಳು ಟೈರನ್ನು ಈಗ ಹಿಂದಕ್ಕೆ ಹಾಕಿದರೂ ಅಪಾಯವೇ, ಗಾಡಿಯ ಹಿಂಭಾಗ ಜಾರುತ್ತದೆ ಎಂದು ತಿಳಿಸಿ, ಎರಡು ಹೊಸ ಟೈರ್ ಹಾಕಿಸಿದಳು. ಗೀರಿನೊಳಗೆ ಅಲ್ಲಲ್ಲಿ ಇರುವ ಸಣ್ಣ ದಿಣ್ಣೆಗಳನ್ನು ತೋರಿಸಿದಳು. ಟೈರ್ ಆ ದಿಣ್ಣೆಯ ಸಮಕ್ಕೆ ಸವೆದರೆ ಅದಲುಬದಲು ಮಾಡುವ ಕಾಲ ಮುಗಿಯಿತು, ಹೊಸದೇ ಬೇಕು. ತಾಯಪ್ಪ ಈಗ ಪ್ರತಿ ಸರ್ವಿಸಿಂಗ್‌ನಲ್ಲೂ ಎದುರಿಗೆ ನಿಂತು ಗಾಲಿ ಬದಲಿಸಿಕೊಂಡೇ ಬರುತ್ತಾನೆ. ಸಾವಿತ್ರಿಬಾಯಿ ನೆನಪು ಮಾಡಬೇಕಾಗಿಲ್ಲ.

ಮರುವರ್ಷ ನಾಗರಪಂಚಮಿಗೆ ಮಗಳನ್ನು ಕರೆಯಲು ಅವನು ಫೋನ್ ಮಾಡಿದ. ನಾಲ್ಕೂ ಟೈರ್ ನೋಡಿಸಿದ್ದೇನೆ, ಕರೆಯೋಕೆ ಬರುತ್ತೇನೆ ಎಂದ. ಪ್ರೇಮಾವತಿ ಒಪ್ಪಲಿಲ್ಲ.

“ಬ್ಯಾಡಪ್ಪಾ. ನಾ ಬಸ್ಸಿಗೆ ಬರ್ತೀನಿ.”

ಅಣ್ಣಂದಿರೇ, ಅಕ್ಕಂದಿರೇ, ನಾಳೆ ಗಾಡಿ ಹತ್ತುವ ಮುಂಚೆ ಒಮ್ಮೆ ಬಗ್ಗಿ ನಾಲ್ಕೂ ಟೈರ್ ನೋಡಿ. ಕಳೆದ ಸಲ ಯಾವಾಗ ಜಾಗ ಬದಲಿಸಿದ್ದು ಎಂದು ನೆನಪಾಗದಿದ್ದರೆ ಗ್ಯಾರೇಜಿಗೆ ಹೋಗಿ. ಯಾವ ಗಾಲಿ ಎಲ್ಲಿಗೆ ಹೋಗಬೇಕೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ, ಮೆಕ್ಯಾನಿಕ್‌ಗೂ ಗೊತ್ತು. ನಿಮ್ಮ ಕಾರಿನಲ್ಲಿ ಕೂರುವ ಮನೆಯವರು ಟೈರ್ ನೋಡಿ ಕೂರುವುದಿಲ್ಲ, ನಿಮ್ಮನ್ನು ನಂಬಿ ಕೂರುತ್ತಾರೆ.