ಹಣೆಗೆ ಆಗುವ ಸಗಣಿ ಒಲೆಗೆ ಆಗದೇ?

ಗುರುಲಿಂಗವ್ವ ಬೆಳಿಗ್ಗೆ ಆರಕ್ಕೇ ಡಬ್ಬಿ ಹಿಡಿದು ಹೋಗಿ ಕುಳಗೇರಿ ಕ್ರಾಸಿನ ಸೀಮೆಎಣ್ಣೆ ಅಂಗಡಿ ಮುಂದೆ ಪಾಳಿಯಲ್ಲಿ ನಿಂತಳು. ಹನ್ನೊಂದಕ್ಕೆ ಅಂಗಡಿಯವನು ಹೊರಗೆ ಬಂದು, “ಎಣ್ಣಿ ತೀರೈತಿ, ಸೋಮವಾರ ಬರ್ರಿ” ಎಂದು ಬಾಗಿಲು ಎಳೆದುಕೊಂಡ. ಆ ತಿಂಗಳಲ್ಲಿ ಹೀಗೆ ಬರಿಗೈಲಿ ಬಂದದ್ದು ಮೂರನೆಯ ಸಲ.

ಇದು ೧೯೮೩ರ ಮಾತು. ಯಾವುದೋ ದೇಶದ ನೆಲದಡಿಯ ಎಣ್ಣೆ ಹಡಗು ಹತ್ತಿ ಬರಬೇಕು, ಲಾರಿ ಹತ್ತಿ ಬರಬೇಕು, ಕೊನೆಗೆ ಅಂಗಡಿಯವನಿಗೆ ಮನಸ್ಸೂ ಬರಬೇಕು. ಆಮೇಲೆ ನಮ್ಮ ಬಾದಾಮಿ ತಾಲೂಕಿನ ಹೆಣ್ಣುಮಗಳ ಸ್ಟೋ ಹೊತ್ತಬೇಕು. ಹಿತ್ತಲಲ್ಲಿ ನಾಲ್ಕು ದನ ಕಟ್ಟಿಕೊಂಡ ಮನೆಗೆ ಇದೇನು ಗ್ರಹಚಾರ?

ಎಣ್ಣೆ ಇಲ್ಲದೆ ಗುರುಲಿಂಗವ್ವ ಮತ್ತೆ ಜಾಲಿ ಕಟ್ಟಿಗೆ, ಸಗಣಿ ಕುಳ್ಳು ಒಟ್ಟಿ ಒಲೆ ಊದಿದಳು. ಮನೆ ತುಂಬ ಹೊಗೆ, ಅವಳಿಗೆ ಬಿಡದ ಕೆಮ್ಮು. ಹೊಗೆಯ ಹತ್ತಿರ ಹೋದರೆ ಎದೆ ಉಳಿಯುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಅವಳ ಗಂಡ ರಾಚಯ್ಯ ಊರಿಗೆ ಅಯ್ಯನವರು. ಪೂಜೆ ಮುಗಿಸಿ, ಎಡೆ ಬರಲೆಂದು ಪಡಸಾಲೆಯಲ್ಲಿ ಕೂತಿದ್ದ.

ಅದೇ ಹೊತ್ತಿಗೆ ಗ್ರಾಮಸೇವಕಿ ಸರಸ್ವತೀಬಾಯಿ ಅರ್ಜಿ ಹಿಡಿದು ಬಂದರು.

“ಅಯ್ಯಾರ, ಗೋಬರ್ ಗ್ಯಾಸಿನ ಅರ್ಜಿಗೆ ನಿಮ್ಮ ಸಹಿ ಒಂದ ಬಾಕಿ ಅದ. ನಾಕು ದನದ ಹೆಂಡಿ-ಸಗಣಿ ಸಾಕ್ರಿ. ದಿನಾ ಅಷ್ಟಕ್ಕಷ್ಟ ನೀರು ಕಲಸಿ ಗುಂಡಿಗೆ ಬಿಟ್ರ ಅಡಿಗಿಗೆ ಗ್ಯಾಸ್ ಬರ್ತದ. ಹೊಗಿ ಅನ್ನೂದ ಇಲ್ಲ.”

“ಮತ್ತ ಹೊಲಕ್ಕ ಗೊಬ್ಬರ ಎಲ್ಲಿಂದ ತರ್ಲಿ ಬಾಯಾರ?”

“ಗ್ಯಾಸಷ್ಟ ಒಲಿಗೆ ಬರ್ತದ್ರಿ. ಗುಂಡಿಯಿಂದ ಹೊರಗ ಬೀಳೂ ರಾಡಿ ಚೊಲೊ ಗೊಬ್ಬರ. ಈಗ ಕುಳ್ಳು ಬಡದು ಸುಡ್ತೀರಲ್ಲ, ಅದರಾಗ ಉಳಿಯೂದು ಬರೇ ಬೂದಿ.”

ರಾಚಯ್ಯ ತಲೆ ಕೊಡವಿದ. “ಅದೆಲ್ಲಾ ಖರೆ ಇರಬಹುದು. ಆದ್ರ ಆ ಹೊಲಸಿನ ಗ್ಯಾಸಿನ ಮ್ಯಾಲೆ ಬೇಯಿಸಿದ್ದನ್ನ ಲಿಂಗಕ್ಕ ಎಡಿ ಹೆಂಗ ಹಿಡೀಲಿ? ನಮ್ದು ಅಯ್ಯಗೋಳ ಮನಿ. ಮೈಲಿಗಿ ಆಗ್ತೈತಿ.”

ಗುರುಲಿಂಗವ್ವ ಒಲೆ ಬಿಟ್ಟು ಎದ್ದಳು. ದೇವರ ಮಾಡದಿಂದ ಒಂದು ವಿಭೂತಿ ಗಟ್ಟಿ ತಂದು ಗಂಡನ ಮುಂದೆ ಇಟ್ಟಳು.

“ಇದನ್ನ ಮಾಡಿದವ್ರು ಯಾರು?”

“ನಾನ.”

“ಯಾತರಿಂದ ಮಾಡಿದ್ರಿ?”

ರಾಚಯ್ಯ ಗಟ್ಟಿಯನ್ನು ಬದಿಗೆ ಸರಿಸಿದ.

“ನಮ್ಮ ಆಕಳ ಹೆಂಡಿನ ಕೈಯಾರೆ ಉಂಡಿ ಕಟ್ಟಿ, ಸುಟ್ಟು, ಊರ ಮಂದಿ ಹಣಿಗೆ ಹಚ್ಚತೀರಿ. ನೀವು ಪೂಜಿಗೆ ಕುಂಡ್ರೂ ನೆಲಾ ನಾ ದಿನಾ ಹೆಂಡಿಲೇನ ಸಾರಸ್ತೇನಿ. ಅಲ್ಲೆಲ್ಲಾ ಅದು ಪವಿತ್ರ. ನನ್ನ ಎದಿ ಉಳಸೂ ಹೊತ್ತಿಗೆ ಹೊಲಸಾತೇನ್ರಿ?”

ಹೇಳುತ್ತಲೇ ಕೆಮ್ಮು ಒತ್ತರಿಸಿ ಬಂದು ಬಾಗಿಲ ಚೌಕಟ್ಟು ಹಿಡಿದು ಕೂತಳು. ಇಪ್ಪತ್ತು ವರ್ಷ ಆ ಹೊಗೆಯಲ್ಲಿ ಬೆಂದ ಪ್ರಸಾದ ಉಂಡ ಮನುಷ್ಯ ಅಂದು ಮೊದಲ ಸಲ ಹೆಂಡತಿಯ ಕೆಂಪು ಕಣ್ಣನ್ನು ನೋಡಿದ. ಇಷ್ಟು ದಿನ ಎಲ್ಲಿ ನೋಡುತ್ತಿದ್ದನೋ, ಅವನೇ ಹೇಳಬೇಕು.

“ಪೆನ್ನು ಕೊಡ್ರಿ ಬಾಯಾರ” ಎಂದ.

ಹಿತ್ತಲ ಬಿಸಿಲಲ್ಲಿ, ಬಾವಿಯಿಂದ ದೂರ, ಗುಂಡಿ ಸಿದ್ಧವಾಯಿತು. ಸಗಣಿ ಕಲಸುವ ಕೆಲಸಕ್ಕೆ ಗುರುಲಿಂಗವ್ವ ಸೆರಗು ಕಟ್ಟಿದಾಗ ರಾಚಯ್ಯ ತಡೆದ. “ವಿಭೂತಿಗೆ ಕಲಸೂ ಕೈ ನಂದು. ಇದಕ್ಕೂ ನಾನ ಕಲಸ್ತೇನಿ.” ಎಣ್ಣೆಗಾಗಿ ಪಾಳಿ ನಿಲ್ಲುತ್ತಿದ್ದ ಡಬ್ಬಿ ಈಗ ಸಗಣಿಗೆ ನೀರು ಅಳೆಯುತ್ತದೆ.

ನೀಲಿ ಉರಿಯಲ್ಲಿ ಬೆಂದ ಮೊದಲ ರೊಟ್ಟಿಯನ್ನು ರಾಚಯ್ಯ ಲಿಂಗಕ್ಕೆ ಎಡೆ ಹಿಡಿದ. ಆಮೇಲೆ ಅದನ್ನು ಮುರಿದು, ತಾನು ಉಣ್ಣುವ ಮೊದಲು ಅರ್ಧ ಹೆಂಡತಿಯ ಕೈಗಿಟ್ಟ.

ಓದುತ್ತಿರುವ ಯಜಮಾನರೇ, ಇವತ್ತು ಅಡುಗೆ ಆಗುವಾಗ ನಿಮ್ಮ ಒಲೆಯ ಮುಂದೆ ಹತ್ತು ನಿಮಿಷ ಕೂತು ನೋಡಿ. ಕೂರಲು ಆಗದಿದ್ದರೆ, ದಿನವೂ ಅಲ್ಲೇ ಕೂರುವವಳ ಮುಖ ನೋಡಿ. ಹಿತ್ತಲಲ್ಲಿ ದನಗಳಿದ್ದರೆ ನಾಳೆಯೇ ನಿಮ್ಮೂರ ಗ್ರಾಮಸೇವಕರನ್ನು ಕಾಣಿ, ಸರಕಾರದ ಸಹಾಯಧನ ಕೇಳಿ ಪಡೆಯಿರಿ. ಅವಳು ಇನ್ನೊಮ್ಮೆ ಕೆಮ್ಮುವ ಮೊದಲು ಸಹಿ ಹಾಕಿ.